ಸಮುದ್ರದ ಹಾಜರಿ ಪುಸ್ತಕ

ನವೆಂಬರ್ 6, 2006, ಸೋಮವಾರ

ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ರೂಪೇಶ ರಾಮನಾಥ ಹರಿಕಂತ್ರ ಎಂಬ ನಾನು, ವಯಸ್ಸು ಇಪ್ಪತ್ತೆರಡು, ಸಹ್ಯತೀರ ವಿಶ್ವವಿದ್ಯಾಲಯದ ಹಳೇಕೋಡಿ ಕೇಂದ್ರದಲ್ಲಿ ಎಂ.ಕಾಂ. ಅಂತಿಮ ವರ್ಷದ ವಿದ್ಯಾರ್ಥಿ, ಇಂದಿನಿಂದ ದಿನಚರಿ ಬರೆಯತಕ್ಕದ್ದೆಂದು ನನಗೆ ನಾನೇ ಆದೇಶ ಹೊರಡಿಸಿಕೊಂಡಿದ್ದೇನೆ. ಆಕ್ಷೇಪಣೆಗಳಿದ್ದಲ್ಲಿ ಏಳು ದಿನಗಳೊಳಗೆ ನನಗೇ ಸಲ್ಲಿಸಬೇಕು.

ಕಾರಣ. ಇಂದು ಬೆಳಿಗ್ಗೆ ಕೇಂದ್ರದ ಹೊಸ ಹಾಸ್ಟೆಲ್ಲಿಗೆ ಹೋಗುವ ರಸ್ತೆಯ ಪಕ್ಕ ಒಂದು ಫಲಕ ತಾನಾಗಿಯೇ ಎದ್ದು ನಿಂತಿತ್ತು. "ಇಲ್ಲಿ ಒಂದು ಸಾವಿರ ಕಾಂಡ್ಲಾ ಗಿಡಗಳನ್ನು ನೆಡಲಾಗಿದೆ. ಕಾಣಿಸದವರು ಕಣ್ಣಿನ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು. ಆದೇಶದ ಮೇರೆಗೆ." ಮಧ್ಯಾಹ್ನದವರೆಗೂ ಅದನ್ನು ಯಾರೂ ಕೀಳಲಿಲ್ಲ. ಇಬ್ಬರು ಉಪನ್ಯಾಸಕರು ನಿಂತು ಓದಿದರು, ಕೆಸರಿನ ಕಡೆ ನೋಡಿದರು, ಒಬ್ಬರು ಕನ್ನಡಕ ಒರೆಸಿಕೊಂಡರು. ಇಂಥ ಕ್ಷಣಗಳು ಚರಿತ್ರೆಯಲ್ಲಿ ದಾಖಲಾಗದೆ ಹೋಗಬಾರದು.

ಫಲಕದಲ್ಲಿ ಸುಳ್ಳೇನೂ ಇಲ್ಲ, ಗಿಡಗಳನ್ನು ಬಿಟ್ಟರೆ. ಹೋದ ಬೇಸಿಗೆಯಲ್ಲಿ ಹಾಸ್ಟೆಲ್ಲಿಗೆಂದು ಹಳ್ಳದ ಬಾಯಿಗೆ ಅಡ್ಡಲಾಗಿ ಮಣ್ಣು ಸುರಿದು ರಸ್ತೆ ಮಾಡಿದರು. ಸಮುದ್ರದ ನೀರು ದಿನಕ್ಕೆರಡು ಸಲ ಒಳಗೆ ಬಂದು ಹೋಗುತ್ತಿದ್ದ ಹಳ್ಳ ಅದು. ಆಗ ಊರಿನವರನ್ನು ಕೂರಿಸಿಕೊಂಡು ಭಾಷಣ ಮಾಡಿ, ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ನೆಡುತ್ತೇವೆ, ನೀರು ಆಡಲು ರಸ್ತೆಯ ಕೆಳಗೆ ಪೈಪು ಹಾಕುತ್ತೇವೆ ಎಂದಿದ್ದರು. ಹಾಕಿದ್ದು ಒಂದು ಪೈಪು. ಅದೂ ಕೆಸರಿಗಿಂತ ಒಂದು ಮೊಳ ಮೇಲೆ.

ರಸ್ತೆಯ ಒಳಗಿನ ಕೆಸರಿನಲ್ಲಿ ಹೊನ್ನತ್ತೆ ಮತ್ತು ಇನ್ನೂ ಹದಿನೈದು ಮನೆಯ ಹೆಂಗಸರು ಬಳಚು ಎಂಬ ಚಿಪ್ಪಿಮೀನು ಹೆಕ್ಕುತ್ತಾರೆ. ಹೊನ್ನತ್ತೆ ಅಪ್ಪನ ಅಕ್ಕ. ಅಪ್ಪ ದೋಣಿ ಬಿಟ್ಟು ಅಂಕೋಲೆಯ ತಹಶೀಲ್ದಾರ ಕಚೇರಿಯ ಎದುರು ಟೈಪ್‌ರೈಟರ್ ಇಟ್ಟುಕೊಂಡು ಊರವರ ಅರ್ಜಿ ಬರೆಯುವವರಾದರು. ಅತ್ತೆ ಕೆಸರು ಬಿಡಲಿಲ್ಲ. ಸಂಜೆ ಫಲಕದ ಸಂಗತಿಯನ್ನು ಅವಳಿಗೆ ಹೇಳಿದೆ.

"ಹಲಗೆ ಮ್ಯಾಲೆ ಗಿಡ ಬರ್ದ್ರೆ ಒಳಗೆ ನೀರು ಬತ್ತದ್ಯೇನೋ ತಮಾ?" ಎಂದಳು. ಹಾಸ್ಯಪ್ರಜ್ಞೆ ಎಲ್ಲರಿಗೂ ಇರುವುದಿಲ್ಲ.

ನವೆಂಬರ್ 9, ಗುರುವಾರ

ಕಚೇರಿಯ ಅಟೆಂಡರ್ ದುರ್ಗಪ್ಪಣ್ಣ ಒಂದು ಹಳೆಯ ಹಾಜರಿ ಪುಸ್ತಕ ಕೊಟ್ಟ. ಅದರಲ್ಲಿ ಬರೀ ನಾಲ್ಕು ಪುಟ ಹರಿದಿವೆ. ಅದನ್ನು ಏನು ಮಾಡುವುದೆಂದು ಇಡೀ ಬೆಳಿಗ್ಗೆ ಯೋಚಿಸಿದೆ. ತೆರಿಗೆ ಕ್ಲಾಸಿನಲ್ಲಿ ಹೊಳೆಯಿತು.

ಮೊದಲ ಪುಟ: "ವಿದ್ಯಾರ್ಥಿಯ ಹೆಸರು: ಸಮುದ್ರರಾಜ. ತರಗತಿ: ಅಂತಿಮ ವರ್ಷ. ವಿಳಾಸ: ಗೋವಾದಿಂದ ಮಂಗಳೂರಿನವರೆಗೆ. ಪಾಲಕರ ಸಹಿ: ಚಂದ್ರ." ಮಧ್ಯಾಹ್ನ ಎರಡಕ್ಕೆ ಭರ್ತಿಯ, ಅಂದರೆ ಉಬ್ಬರದ, ನೀರು ರಸ್ತೆಯ ಹೊರಮೈಗೆ ಬಂದು ಬಡಿಯುತ್ತಿತ್ತು. ಒಳಗೆ ಹೋಗಿ ನೋಡಿದರೆ ಪೈಪಿನಿಂದ ಕೊಡದಿಂದ ಸುರಿದಷ್ಟು. ಕಿಶನ ಗಂಭೀರವಾಗಿ ಹೆಸರು ಕೂಗಿದ. ಉತ್ತರ ಬರಲಿಲ್ಲ. "ಗೈರು" ಎಂದು ಬರೆದೆ.

ಕಿಶನನ ಮನೆ ಮಲ್ಲಾಪುರದ ಅಣುಸ್ಥಾವರದ ಕ್ವಾರ್ಟರ್ಸ್‌ನಲ್ಲಿ. ಅವನಲ್ಲಿ ಬೈಕಿದೆ. ಆದ್ದರಿಂದ ಅವನು ನನ್ನ ಆಪ್ತಮಿತ್ರ.

"ಅರೇ ರೂಪ್ಯಾ, ಎಪ್ಪತ್ತೈದು ಪರ್ಸೆಂಟ್ ಇಲ್ದಿದ್ರೆ ಸಮುದ್ರಕ್ಕೂ ಹಾಲ್‌ಟಿಕೆಟ್ ಇಲ್ಲಾ," ಎಂದ. ಇಬ್ಬರೂ ರಸ್ತೆಯ ಮೇಲೆ ಬಿದ್ದು ನಕ್ಕೆವು.

ನವೆಂಬರ್ 14, ಮಂಗಳವಾರ

ಇಂದಿನದು ಇದುವರೆಗಿನ ಸರ್ವಶ್ರೇಷ್ಠ ಕೃತಿ. ಅಪ್ಪ ಊಟಕ್ಕೆ ಹೋದಾಗ ಅವರ ಟೈಪ್‌ರೈಟರಿನಲ್ಲಿ ಹೊಡೆದದ್ದು.

"ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಹಳೇಕೋಡಿ ಹಳ್ಳದ ರಸ್ತೆಯ ಕೆಳಗಿನ ಪೈಪುಗಳ ಉದ್ಘಾಟನಾ ಸಮಾರಂಭವನ್ನು ದಿನಾಂಕ 20-11-2006ರ ಅಮಾವಾಸ್ಯೆಯಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ಏರ್ಪಡಿಸಲಾಗಿದ್ದು, ಸಾರ್ವಜನಿಕರು ಆಗಮಿಸಿ ಶೋಭೆ ತರಬೇಕಾಗಿ ವಿನಂತಿ."

ಶಿಕ್ಕೆಯನ್ನು, ಅಂದರೆ ಸರಕಾರಿ ಮೊಹರನ್ನು, ಆಲೂಗಡ್ಡೆಯಲ್ಲಿ ಕೊರೆದೆ. ಸಿಂಹದ ಮುಖ ನಾಯಿಯಂತೆ ಬಂತು, ಆದರೆ ನೇರಳೆ ಶಾಯಿಯಲ್ಲಿ ಎಲ್ಲ ಪ್ರಾಣಿಯೂ ಸರಕಾರಿಯೇ. ಒಂದು ಪ್ರತಿ ಕೇಂದ್ರದ ಫಲಕಕ್ಕೆ, ಒಂದು ಬಾಳೆಗುಳಿ ಬಸ್‌ಸ್ಟಾಪಿಗೆ, ಒಂದು ಪಂಚಾಯತಿ ಕಟ್ಟೆಗೆ. ಆ ದಿನ ಇಲ್ಲದ ಪೈಪುಗಳನ್ನು ಹುಡುಕಿಕೊಂಡು ಆಡಳಿತಾಧಿಕಾರಿ ಹರಿಶ್ಚಂದ್ರ ಸಾಹೇಬರು ಓಡಾಡುವುದನ್ನು ಮಾಳಿಗೆಯಿಂದ ನೋಡುವ ಯೋಜನೆ. ಹೆಸರಿನ ಬಗ್ಗೆ ನಾನು ಯಾವ ಟಿಪ್ಪಣಿಯನ್ನೂ ಬರೆಯುವುದಿಲ್ಲ.

ನವೆಂಬರ್ 20, ಸೋಮವಾರ. ಅಮಾವಾಸ್ಯೆ

ಹೆಂಗಸರು ಬಂದರು.

ಹತ್ತೂವರೆಗೆ ಹಾಸ್ಟೆಲ್ ಮಾಳಿಗೆಯಲ್ಲಿ ನಾನು, ಕಿಶನ ನಿಂತಿದ್ದೆವು. ಮೊದಲು ನಕ್ಕೆ, ಅದನ್ನು ಮುಚ್ಚಿಡುವುದಿಲ್ಲ. ಹದಿನಾರೂ ಜನ ಸಾಲಾಗಿ ಬರುತ್ತಿದ್ದರು. ಮದುವೆಗೆ ಉಡುವ ಸೀರೆ, ಮುಡಿಯಲ್ಲಿ ಅಬ್ಬಲಿಗೆ. ಹೊನ್ನತ್ತೆಯ ಕೈಯಲ್ಲಿ ಹರಿವಾಣ, ಅದರಲ್ಲಿ ಅರಿಸಿನ, ಕುಂಕುಮ, ಸುಲಿದ ಒಂದು ತೆಂಗಿನಕಾಯಿ. ನೂಲಹುಣ್ಣಿಮೆಗೆ ಕಡಲಿಗೆ ಕಾಯಿ ಕೊಡುತ್ತಾರಲ್ಲ, ಹಾಗೆ ಹೊಸ ಪೈಪಿನಿಂದ ಬರುವ ಮೊದಲ ನೀರಿಗೆ ಕೊಡಲೆಂದು ತಂದಿದ್ದಳು. ಅವಳಿಗೆ ಓದಲು ಬರುವುದಿಲ್ಲ. ಬಾಳೆಗುಳಿಯಲ್ಲಿ ಯಾರೋ ಓದಿ ಹೇಳಿದ್ದಾರೆ.

ರಸ್ತೆಯ ಮೇಲೆ ನಿಂತು ಒಂದು ತಾಸು ಕಾದರು. ಹೊರಗೆ ನೀರು ಏರಿ ಏರಿ ಬಂತು. ಒಳಗೆ ಹೋಗಲಿಲ್ಲ.

ಆಮೇಲೆ ಹರಿಶ್ಚಂದ್ರ ಸಾಹೇಬರು ಬಂದು ಮಾಳಿಗೆಗೂ ಕೇಳುವಂತೆ ನೋಟೀಸು ಓದಿದರು. "ಇದು ನಮ್ಮದಲ್ಲ. ಯಾರೋ ತಮಾಷೆ ಮಾಡಿದ್ದಾರೆ. ಮನೆಗೆ ಹೋಗಿ."

"ತಮಾಷೆ ಆದ್ರೆ ಶಿಕ್ಕೆ ಎಂತಕೆ ಹಾಕೂದು?" ಎಂದು ಹೊನ್ನತ್ತೆ ಕೇಳಿದಳು. ನಿಜವಾಗಿಯೂ ಕೇಳಿದಳು. ಅದು ಅವಳಿಗೆ ಅರ್ಥವಾಗಿರಲಿಲ್ಲ.

ಮಂಜಿ ಎನ್ನುವವಳು, ಬಾಯಿಗೆ ಇಡೀ ಕೇರಿ ಹೆದರುವಂಥವಳು, ಅವಳೂ ಹೂವು ತೆಗೆದು ಮಡಿಲಿಗೆ ಹಾಕಿಕೊಂಡು ನಡೆದಳು.

ನವೆಂಬರ್ 21, ಮಂಗಳವಾರ

ದಾಖಲಿಸತಕ್ಕದ್ದು ಏನೂ ಇಲ್ಲ.

ನವೆಂಬರ್ 24, ಶುಕ್ರವಾರ

ಅಪ್ಪ ನೋಟೀಸಿನ ಒಂದು ಪ್ರತಿಯನ್ನು ತಂದು ಊಟದ ಹೊತ್ತಿಗೆ ನನ್ನ ಎದುರು ಇಟ್ಟರು. ಅವರ ಯಂತ್ರದಲ್ಲಿ 'ಮ' ಸಾಲಿಗಿಂತ ಕೊಂಚ ಕೆಳಗೆ ಬೀಳುತ್ತದೆ. ಮೀನಿನ ಸಾರು ಬಡಿಸಿಕೊಂಡರು.

ನವೆಂಬರ್ 27, ಸೋಮವಾರ

ಬೆಳಿಗ್ಗೆ ಇಳಿತದ ಹೊತ್ತಿಗೆ ಕೆಸರಿಗೆ ಇಳಿದೆ. ಹೊನ್ನತ್ತೆ ಕುಕ್ಕುರುಗಾಲಲ್ಲಿ ಕೂತು ಕೆಸರು ಕೆದಕುತ್ತಿದ್ದಳು. ಬುಟ್ಟಿಯ ತಳ ಮುಚ್ಚುವಷ್ಟೂ ಬಳಚು ಇರಲಿಲ್ಲ. ಬಾಯಿ ಬಿಟ್ಟು ಸತ್ತವನ್ನು ಬೇರೆ ಗುಪ್ಪೆ ಹಾಕಿದ್ದಳು, ಅದೇ ದೊಡ್ಡದು. ನಾರುತ್ತಿತ್ತು.

ನೋಟೀಸು ನನ್ನದು ಎಂದೆ.

"ಗೊತ್ತದೆ. ಮಾಳಿಗೆ ಮ್ಯಾಲೆ ನಗ್ತಾ ನಿಂತದ್ದ ಕಂಡಿದ್ದೆ."

ಮತ್ತೆ ಕೆಸರಿಗೆ ಬಗ್ಗಿದಳು. ಏನಾದರೂ ಮಾಡಬೇಕಲ್ಲ ಎಂದು ಹಾಜರಿ ಪುಸ್ತಕದ ಕತೆ ಹೇಳಿದೆ, ನಿಲ್ಲಿಸಲಾಗದೆ ಹೇಳುತ್ತಲೇ ಹೋದೆ. ಸಮುದ್ರರಾಜ, ಗೈರು, ಎಲ್ಲ. ಅವಳು ತಲೆಯೆತ್ತಿದಳು.

"ನೀರು ಬಂತು, ಬರ್ಲಿಲ್ಲಾ ಅಂತ ಬರೀತ್ಯಾ?"

"ಹೌದು."

"ಎಷ್ಟು ಬಂತು ಅಂತ?"

"ಅದು ಇಲ್ಲ."

"ಮತ್ತೆ ಎಂತಾ ಹಾಜರಿ ಅದು?"

ಎದ್ದು ಹೋಗಿ ಎರಡು ಅಡಿಕೆ ದಬ್ಬೆ ತಂದಳು. ಕತ್ತಿಯಿಂದ ಬೆರಳಿಗೊಂದು ಗುರುತು ಕೊರೆದಳು, ಹನ್ನೆರಡು ಬೆರಳಿನ ಗೇಣಿಗೊಂದು ಆಳವಾದ ಕಚ್ಚು. ಒಂದನ್ನು ರಸ್ತೆಯ ಹೊರಗೆ, ಒಂದನ್ನು ಒಳಗೆ, ಎರಡರ ಬುಡವೂ ಒಂದೇ ಮಟ್ಟಕ್ಕೆ ಬರುವ ಹಾಗೆ ನೀರು ತುಂಬಿದ ಉದ್ದ ಕೊಳವೆ ಹಿಡಿದು ನೋಡಿ ಹುಗಿಸಿದಳು. ನಾನು ಹುಗಿದ ಕಂಬ ಎರಡು ಸಲ ಬಿತ್ತು. "ಹದಿನೇಳು ವರ್ಷ ಸಾಲಿ ಕಲ್ತೆ, ಕಂಬ ಹುಗೀಲಿಕ್ಕೆ ಬರೂದಿಲ್ಲಾ."

ತಿಥಿಯನ್ನೂ ಬರೆಯಬೇಕಂತೆ. ಅಷ್ಟಮಿಗೆ ನೀರು ಸತ್ತಂತೆ ಇರುತ್ತದೆ, ಅಮಾವಾಸ್ಯೆ ಹುಣ್ಣಿಮೆಗೆ ಜೋರು, ಮರುದಿನ ಇನ್ನೂ ಜೋರು. ಭರ್ತಿ ದಿನಕ್ಕೆ ಮುಕ್ಕಾಲು ತಾಸಿನಷ್ಟು ತಡವಾಗುತ್ತ ಹೋಗುತ್ತದೆ. ವಿಶ್ವವಿದ್ಯಾಲಯದ ವೇಳಾಪಟ್ಟಿ ಇದಕ್ಕಿಂತ ಅವ್ಯವಸ್ಥಿತ.

ಡಿಸೆಂಬರ್ 5, ಮಂಗಳವಾರ. ಹುಣ್ಣಿಮೆಯ ಮರುದಿನ

ಹನ್ನೊಂದೂವರೆ. ಹೊರಗೆ ಎಂಟು ಗೇಣು ಎರಡು ಬೆರಳು. ಒಳಗೆ ನಾಲ್ಕು ಗೇಣು ಒಂಬತ್ತು ಬೆರಳು.

ತೆರಿಗೆ ಕ್ಲಾಸು ತಪ್ಪಿತು. ಭರ್ತಿ ತೆರಿಗೆಗಾಗಿ ಕಾಯುವುದಿಲ್ಲ.

ಡಿಸೆಂಬರ್ 8, ಶುಕ್ರವಾರ

ಸಾಹೇಬರು ಬೇಸಿಗೆಯಲ್ಲಿ ಕೊಟ್ಟ ಮಾತು ಬರೀ ಭಾಷಣವೇ, ಬರಹವೇ? ಪಂಚಾಯತಿಯಲ್ಲಿ ಕೇಳಿದರೆ ಕಡತ ಕೇಂದ್ರದಲ್ಲಿದೆ ಎಂದರು, ಕೇಂದ್ರದಲ್ಲಿ ಪಂಚಾಯತಿಯಲ್ಲಿದೆ ಎಂದರು. ಕಡತವೂ ಭರ್ತಿ ಇಳಿತದಂತೆ ಓಡಾಡುತ್ತಿದೆ. ಮಾಹಿತಿ ಹಕ್ಕು ಎಂದು ಹೊಸ ಕಾಯ್ದೆ ಬಂದಿದೆಯಲ್ಲ. ಅರ್ಜಿಯ ಕರಡು ಮಾಡಿ ಅಪ್ಪನಿಗೆ ತೋರಿಸಿದೆ. ಸಮುದ್ರದ ಘನತೆ, ಪೂರ್ವಜರು, ಉಪ್ಪಿನ ಋಣ, ಎಲ್ಲ ಇತ್ತು. ನನಗೇ ಕಣ್ಣು ಒದ್ದೆಯಾಗಿತ್ತು.

ಅಪ್ಪ ಒಂದೊಂದೇ ಸಾಲು ಹೊಡೆದುಹಾಕಿದರು. "ಆದದ್ದು, ಆದ ತಾರೀಖು, ಬೇಕಾದದ್ದು. ಮೂರೇ. ನಾಲ್ಕನೇದು ಬರದ್ರೆ ಅದ್ನ ಹಿಡ್ಕಂಡು ಮೂರನ್ನೂ ತಳ್ಳಿಬಿಡ್ತಾರೆ." ಅರ್ಜಿ ಐದು ಸಾಲಿಗೆ ಇಳಿಯಿತು. ಅವರೇ ಟೈಪು ಮಾಡಿದರು. 'ಮ' ಕೆಳಗೇ ಬಿತ್ತು.

ಡಿಸೆಂಬರ್ 20, ಬುಧವಾರ. ಅಮಾವಾಸ್ಯೆ

ಹೊರಗೆ ಎಂಟು ಗೇಣು ಐದು ಬೆರಳು. ಒಳಗೆ ನಾಲ್ಕು ಗೇಣು ಎಂಟು ಬೆರಳು.

ಒಳಗಿನ ನೀರು ಇಳಿತಕ್ಕೂ ಪೂರ್ತಿ ಇಳಿಯುವುದಿಲ್ಲ. ಬಂದದ್ದು ಸ್ವಲ್ಪ, ಹೋಗುವುದು ಇನ್ನೂ ಸ್ವಲ್ಪ. ಮಂಜಿ ಇಂದು ಬುಟ್ಟಿ ಮಗುಚಿ ತೋರಿಸಿದಳು, ಹನ್ನೊಂದು ಬಳಚು. "ಒಬ್ಬೊಬ್ಬ ಹುಡುಗಂಗೆ ಒಂದೊಂದು ಕೊಟ್ರೂ ಹಾಸ್ಟೆಲ್ಲಿನ ಒಂದು ಪಂಕ್ತಿಗೂ ಸಾಲೂದಿಲ್ಲಾ," ಎಂದಳು. ಅವಳು ನನ್ನ ಹತ್ತಿರ ಮಾತಾಡಿದ್ದು ಆ ದಿನದ ನಂತರ ಇದೇ ಮೊದಲು.

ಸಂಜೆ ದುರ್ಗಪ್ಪಣ್ಣ ಕ್ಯಾಂಟೀನಿನಲ್ಲಿ ಪಕ್ಕಕ್ಕೆ ಕರೆದ. "ತಮ್ಮಾ, ಆಫೀಸಿನ ಪುಸ್ತಕದಾಗ ನಿನ್ನ ಹೆಸರಿನ ಮುಂದ ಬರೀ ಕೆಂಪು ಶಾಯಿ. ಸ್ವಲ್ಪ ಕ್ಲಾಸಿಗೂ ಹೋಗಪಾ." ಅವನು ಧಾರವಾಡ ಕಡೆಯವನು, ಕಾಳಜಿ ಜಾಸ್ತಿ. ಆಗಲಿ ಎಂದೆ. ನಾಳೆಯ ಭರ್ತಿ ಹನ್ನೆರಡಕ್ಕೆ.

ಜನವರಿ 12, 2007, ಶುಕ್ರವಾರ

ಮಾಹಿತಿ ಬಂತು. ಒಂದೇ ಹಾಳೆ, ಕೇಂದ್ರದವರು ಪಂಚಾಯತಿಗೆ ಬರೆದುಕೊಟ್ಟ ಮುಚ್ಚಳಿಕೆ ಪತ್ರದ ನಕಲು.

"ಈ ಮೂಲಕ ಮುಚ್ಚಳಿಕೆ ಬರೆದುಕೊಡುವುದೇನೆಂದರೆ, ಹಳ್ಳದಲ್ಲಿ ನೀರಿನ ಸಹಜ ಸಂಚಾರಕ್ಕೆ ಯಾವುದೇ ಅಡಚಣೆಯಾಗದಂತೆ, ರಸ್ತೆಯ ಕೆಳಗೆ ಕೆಸರಿನ ಮಟ್ಟಕ್ಕೆ ಐದು ಪೈಪುಗಳನ್ನು ಅಳವಡಿಸಿಯೇ ರಸ್ತೆಯನ್ನು ಬಳಕೆಗೆ ಬಿಡತಕ್ಕದ್ದು." ಕೆಳಗೆ ಸಹಿ, ದಿನಾಂಕ, ಶಿಕ್ಕೆ. ಇದರಲ್ಲಿ ಸಿಂಹ ಸಿಂಹದಂತೆಯೇ ಇದೆ.

ಎರಡು ಸಲ ಓದಿದೆ. ನನ್ನ ನೋಟೀಸಿನ ಒಂದು ಪ್ರತಿ ಇನ್ನೂ ಪುಸ್ತಕದೊಳಗಿತ್ತು, ಅದನ್ನು ಪಕ್ಕದಲ್ಲಿಟ್ಟು ನೋಡಿದೆ. ಆಮೇಲೆ ನನ್ನದನ್ನು ಒಲೆಗೆ ಹಾಕಿದೆ.

ಹೊನ್ನತ್ತೆಗೆ ಓದಿ ಹೇಳಿದೆ. ಬೆರಳೆಣಿಸಿದಳು. "ಐದು?" "ಐದು." "ಇದ್ರ ಶಿಕ್ಕೆ ಯಾರದ್ದು?" ಎಂದು ಕೇಳಿ ನನ್ನ ಮುಖವನ್ನೇ ನೋಡಿದಳು. ಅವರದೇ ಎಂದೆ. ಹಾಳೆ ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದಳು, ಓದಲು ಬರುವವಳಂತೆ.

ಜನವರಿ 22, ಸೋಮವಾರ

ಮುಚ್ಚಳಿಕೆಯ ನಕಲಿನೊಂದಿಗೆ ಹದಿನಾರು ಹೆಬ್ಬೆಟ್ಟು ಸಹಿಗಳ ಅರ್ಜಿ ವಿಶ್ವವಿದ್ಯಾಲಯಕ್ಕೆ ಹೋಗಿತ್ತು. ಪರಿಸರ ಸಮಿತಿಯೊಂದು ಸ್ಥಳ ನೋಡಲು ಬರುತ್ತದಂತೆ. ಫೆಬ್ರುವರಿ ಹತ್ತು, ಶನಿವಾರ, ಬೆಳಿಗ್ಗೆ ಹನ್ನೊಂದು.

ಹೊನ್ನತ್ತೆ ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟಳು. "ಅವತ್ತು ಅಷ್ಟಮಿ. ಅಷ್ಟಮಿಗೆ ನೀರು ಎಲ್ಲಿ ಬತ್ತದೆ? ಹೊರಗೂ ಇರೂದಿಲ್ಲಾ, ಒಳಗೂ ಇರೂದಿಲ್ಲಾ. ಎರಡೂ ಒಂದೇ ಕಾಣ್ತದೆ."

ತಾರೀಖು ಬದಲಿಸಿ ಎಂದು ಬರೆದು ಕೊಟ್ಟೆ. ಸಮಿತಿಯ ದಿನಾಂಕ ಬದಲಿಸಲು ಸಕಾರಣ ಬೇಕು, ಪಂಚಾಂಗ ಸಕಾರಣವಲ್ಲ ಎಂದರು.

ಜನವರಿ 29, ಸೋಮವಾರ

"ನೀ ಎಂತಕೆ ತಲೆ ಕೆಡಿಸ್ಕಳ್ತೆ ಮಾರಾಯಾ," ಎಂದ ಕಿಶನ. "ಸಮಿತಿಯವ್ರಿಗೆ ಒಂದು ಕಾಗದ ಹೊಡಿ. ಹತ್ತರ ಭೇಟಿ ಹದಿನೇಳಕ್ಕೆ ಮುಂದೂಡಲಾಗಿದೆ. ಅಮಾಸೆಗೆ ಬತ್ತಾರೆ, ನೋಡ್ತಾರೆ, ಮುಗೀತು. ಶಿಕ್ಕೆ ನಾನೇ ಕೊರೀತೆ. ನಿನ್ನ ನಾಯಿಗಿಂತ ಚೆನ್ನಾಗಿ."

ಅಪ್ಪ ಇಲ್ಲದಾಗ ಯಂತ್ರದ ಎದುರು ಕೂತೆ. ಒಂದೇ ಏಟಿಗೆ ಬಂತು. "ಅನಿವಾರ್ಯ ಕಾರಣಗಳಿಂದಾಗಿ" ಎಂದು ಶುರುವಾದದ್ದು ನಿಲ್ಲಲೇ ಇಲ್ಲ. ಒಳ್ಳೆಯ ಕೆಲಸಕ್ಕೇ ಅಲ್ಲವೇ. ಯಾರಿಗೂ ತೊಂದರೆಯಿಲ್ಲ. ನೀರು ಇರುವ ದಿನ ಬಂದು ನೀರು ನೋಡಿ ಎನ್ನುವುದರಲ್ಲಿ ಸುಳ್ಳೇನು.

ಕಾಗದ ಎಳೆದು ಹರಿದೆ. ಆ ಹಾಳೆಯ ಹಿಂದೆ ಗೇಣು ಬೆರಳಿನ ಲೆಕ್ಕ ಮಾಡಿದ್ದೆ, ಅದೂ ಹೋಯಿತು. ಕಿಶನನಿಗೆ ಯಂತ್ರದ ಶಾಯಿ ಟೇಪು ಮುಗಿದಿತ್ತು ಎಂದು ಹೇಳಿದೆ.

ಫೆಬ್ರುವರಿ 10, ಶನಿವಾರ. ಅಷ್ಟಮಿ

ಮೂವರು ಬಂದರು. ಇಬ್ಬರು ವಿಶ್ವವಿದ್ಯಾಲಯದವರು, ಒಬ್ಬರು ಹೊರಗಿನವರು. ಜಾನಕಿ ಮೇಡಂ, ಅಂಕೋಲೆಯಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ಹರಿಶ್ಚಂದ್ರ ಸಾಹೇಬರು ಕೊಡೆ ಹಿಡಿಸಿಕೊಂಡು ರಸ್ತೆಯ ಮೇಲೆ ನಿಂತು ಎರಡೂ ಕಡೆ ಕೈ ತೋರಿಸಿದರು. ನೀರು ಎರಡೂ ಕಡೆ ತಟ್ಟೆಯಲ್ಲಿಟ್ಟಂತೆ ಸುಮ್ಮನಿತ್ತು.

"ನೋಡಿ. ಎರಡೂ ಕಡೆ ಒಂದೇ ಮಟ್ಟ. ಒಂದು ಪೈಪು ಸಾಕಾಗ್ತಾ ಇದೆ ಅಂತ ಇದರಿಂದಲೇ ಗೊತ್ತಾಗ್ತದೆ."

ಸಮಿತಿಯವರು ಬರೆದುಕೊಂಡರು. ನಾನು ಮಾತಾಡಬೇಕೆಂದಿದ್ದೆ. ಬಾಯಿಗೆ ಬಂದದ್ದು ಬರೀ ಚೇಷ್ಟೆಯ ಮಾತು, ನುಂಗಿದೆ. ಆಗ ಹೊನ್ನತ್ತೆ ಮುಂದೆ ಬಂದಳು.

"ಸಾಹೇಬ್ರೆ, ನೀವು ಸಮುದ್ರ ರಜೆ ಹಾಕಿದ ದಿನ ಬಂದು ಹಾಜರಿ ತಕಂಡ್ರೆ ಹ್ಯಾಂಗೆ?"

ಹಿಂದಿನಿಂದ ಮಂಜಿ ಗಟ್ಟಿಯಾಗಿ ನಕ್ಕಳು. ಆಮೇಲೆ ಎಲ್ಲರೂ. ಜಾನಕಿ ಮೇಡಂ ನಗಲಿಲ್ಲ. "ಹಾಜರಿ ಅಂದ್ರೆ ಏನಮ್ಮಾ?" ಎಂದರು.

ಪುಸ್ತಕ ಕೊಟ್ಟೆ. ಮೊದಲ ಪುಟ ನೋಡಿ ಹುಬ್ಬೇರಿಸಿದರು. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕಿತ್ತು. ಆ ಪುಟವನ್ನು ಯಾಕೆ ಹರಿಯಲಿಲ್ಲ? ಅವರು ತಿರುವುತ್ತ ಹೋದರು. ತಾರೀಖು, ತಿಥಿ, ಹೊತ್ತು, ಹೊರಗೆ, ಒಳಗೆ. ರಸ್ತೆಯ ಮೇಲೆ ನಿಂತೇ ಕಾಲು ತಾಸು ಓದಿದರು. ಉಳಿದವರು ಜೀಪಿನಲ್ಲಿ ಕೂತು ಹಾರ್ನು ಹಾಕಿಸಿದರು.

"ಇದನ್ನ ನಾನು ಇಟ್ಕೊಳ್ಳಬಹುದಾ?"

"ಇವತ್ತಿನದು ಇನ್ನೂ ಬರೀಲಿಲ್ಲ ಮೇಡಂ."

"ಬರೆದು ಕೊಡು. ಹದಿನೇಳಕ್ಕೆ ನಾನೊಬ್ಬಳೇ ಬರ್ತೇನೆ."

ಫೆಬ್ರುವರಿ 17, ಶನಿವಾರ. ಅಮಾವಾಸ್ಯೆ

ಬಸ್ಸಿನಲ್ಲಿ ಬಂದರು, ಚಪ್ಪಲಿ ಕೈಯಲ್ಲಿ ಹಿಡಿದು ಕೆಸರಿಗೆ ಇಳಿದರು. ಹನ್ನೊಂದೂಕಾಲಿಗೆ ಹೊರಗೆ ಎಂಟು ಗೇಣು ನಾಲ್ಕು ಬೆರಳು. ಒಳಗೆ ನಾಲ್ಕು ಗೇಣು ಆರು ಬೆರಳು. ತಾವೇ ಬೆರಳಿಟ್ಟು ಎಣಿಸಿ ಪುಸ್ತಕದಲ್ಲಿ ಸಹಿ ಹಾಕಿದರು. ಸತ್ತ ಬಳಚುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡರು.

ಹೋಗುವಾಗ, "ನಿಂಗೆ ಇವತ್ತು ಕ್ಲಾಸಿಲ್ವಾ?" ಎಂದರು.

ಇತ್ತು ಅನಿಸುತ್ತದೆ.

ಫೆಬ್ರುವರಿ 26, ಸೋಮವಾರ

ಹರಿಶ್ಚಂದ್ರ ಸಾಹೇಬರು ಕರೆಸಿದರು. ಫ್ಯಾನಿನ ಕೆಳಗೆ ಎರಡು ಹಾಳೆ ಇಟ್ಟಿದ್ದರು. ಮೊದಲನೆಯದರಲ್ಲಿ ನನ್ನ ಹಾಜರಿ, ಶೇಕಡಾ ಅರವತ್ತೊಂದು.

"ಎಪ್ಪತ್ತೈದು ಬೇಕು. ಗೊತ್ತಲ್ಲ? ಇಲ್ಲದಿದ್ದರೆ ಏಪ್ರಿಲ್ ಪರೀಕ್ಷೆ ಇಲ್ಲ. ಒಂದು ವರ್ಷ ಹೋಯ್ತು." ಆಮೇಲೆ ದನಿ ತಗ್ಗಿಸಿದರು. "ರಿಯಾಯಿತಿಗೆ ನಾನು ಶಿಫಾರಸು ಮಾಡಬಹುದು. ಮಾಡ್ತೇನೆ."

ಎರಡನೆಯದು ಪುಸ್ತಕದ ಮೊದಲ ಪುಟದ ಜೆರಾಕ್ಸು. ಸಮಿತಿಯಿಂದ ತರಿಸಿಕೊಂಡಿದ್ದಾರೆ. "ಸಮುದ್ರರಾಜ, ಅಂತಿಮ ವರ್ಷ. ಪಾಲಕರ ಸಹಿ ಚಂದ್ರ." ಗಟ್ಟಿಯಾಗಿ ಓದಿದರು. ಅವರ ಬಾಯಲ್ಲಿ ಅದು ಎಷ್ಟು ಕೆಟ್ಟದಾಗಿ ಕೇಳಿಸಿತು. "ಇದು ದಾಖಲೆಯಾ? ನೀನೇ ಹೇಳು. ತಮಾಷೆಗೆ ಮಾಡಿದ್ದು ತಾನೆ? ಈ ಪುಸ್ತಕ ಪೂರ್ತಿ ತಮಾಷೆಗೆ ಬರೆದದ್ದು ಅಂತ ಒಂದೇ ಸಾಲು ಬರೆದುಕೊಡು. ಮಾರ್ಚ್ ಐದಕ್ಕೆ ಸಭೆ ಇದೆ. ಆ ನೋಟೀಸು ಯಾರದ್ದು ಅಂತ ನಾನು ಕೇಳೋದೂ ಇಲ್ಲ."

ಬಾಗಿಲ ಹೊರಗೆ ದುರ್ಗಪ್ಪಣ್ಣ ಚಹಾದ ಟ್ರೇ ಹಿಡಿದು ನಿಂತಿದ್ದ. ಒಳಗೆ ಬರಲಿಲ್ಲ.

ಫೆಬ್ರುವರಿ 28, ಬುಧವಾರ

ಕೂತಲ್ಲಿ ಕೂರಲಾಗುತ್ತಿಲ್ಲ. ಎರಡು ಸಲ ಅಂಕೋಲೆಗೆ ಹೋಗಿ ಬಂದೆ, ಅಪ್ಪನ ಎದುರು ನಿಂತು ಬರೀ ಬಸ್ಸಿನ ಹೊತ್ತು ಕೇಳಿ ಬಂದೆ. ಕಿಶನ ಬರೆದುಕೊಡು ಎನ್ನುತ್ತಾನೆ. "ಒಂದು ಸಾಲು ರೇ. ನೀರು ಎಲ್ಲೂ ಹೋಗೂದಿಲ್ಲಾ. ವರ್ಷ ಹೋತದೆ." ಅವನು ಹೇಳುವುದರಲ್ಲಿ ತಪ್ಪಿಲ್ಲ. ಅಪ್ಪ ಹನ್ನೆರಡು ವರ್ಷ ಹಳೆಯ ಚಪ್ಪಲಿ ಹಾಕಿಕೊಂಡು ನನ್ನನ್ನು ಓದಿಸುತ್ತಿದ್ದಾರೆ.

ಹೊನ್ನತ್ತೆಗೆ ಹೇಳಲಿಲ್ಲ. ಅವಳು ಅಕ್ಕಿಯ ಮಡಕೆಯಲ್ಲಿ ಕೈ ಹಾಕಿ ಏನೋ ಸರಿಸುತ್ತಿದ್ದಳು. ಆ ತೆಂಗಿನಕಾಯಿ. ಕಡಲಿಗೆಂದು ಎತ್ತಿಟ್ಟದ್ದನ್ನು ಸಾರಿಗೆ ಒಡೆಯುವ ಹಾಗಿಲ್ಲವಂತೆ. ನವೆಂಬರಿನಿಂದ ಅಲ್ಲೇ ಇದೆ.

ಮಾರ್ಚ್ 1, ಗುರುವಾರ

ಬರೆದು ಕೊಟ್ಟೆ. ನಕಲು:

"ನವೆಂಬರ್ 14ರಂದು ಪೈಪುಗಳ ಉದ್ಘಾಟನೆಯ ನೋಟೀಸನ್ನು ಬರೆದು ಹಚ್ಚಿದವನು ನಾನು. ಶಿಕ್ಕೆ ನಕಲಿ. ಹಾಜರಿ ಪುಸ್ತಕದ ಮೊದಲ ಏಳು ಪುಟಗಳನ್ನು ತಮಾಷೆಗೆ ಬರೆದಿದ್ದೇನೆ. ನವೆಂಬರ್ 27ರಿಂದ ಮುಂದಿನದನ್ನು ಅಳೆದು ಬರೆದಿದ್ದೇನೆ. ಮುಚ್ಚಳಿಕೆಯಲ್ಲಿ ಐದು ಪೈಪು ಎಂದಿದೆ. ಒಂದು ಇದೆ. ಉಳಿದ ನಾಲ್ಕನ್ನು ಹಾಕಬೇಕು."

ಅಪ್ಪ ಟೈಪು ಮಾಡುವ ಮೊದಲು ಪೆನ್ನು ತೆಗೆದರು, ಹೊಡೆದುಹಾಕಲು ಏನೂ ಸಿಗಲಿಲ್ಲ. ಪೆನ್ನು ಜೇಬಿಗೆ ಹಾಕಿಕೊಂಡರು. "ವರ್ಷ ಹೋತದಲ್ಲಾ," ಎಂದರು ಯಂತ್ರ ನೋಡುತ್ತ. ಹೌದು ಎಂದೆ. ಟೈಪು ಮಾಡಿದರು.

ಮಾರ್ಚ್ 5, ಸೋಮವಾರ

ಸಭೆಯ ನಿರ್ಣಯ ಫಲಕದಲ್ಲಿ ಹಚ್ಚಿದ್ದಾರೆ. ಈಗಿರುವ ಒಂದೂ ಸೇರಿದಂತೆ ಮೂರು ಪೈಪುಗಳನ್ನು ಕೆಸರಿನ ಮಟ್ಟಕ್ಕೆ ತಕ್ಷಣ ಅಳವಡಿಸುವುದು. ಉಳಿದ ಎರಡನ್ನು ಅನುದಾನದ ಲಭ್ಯತೆಗೆ ಅನುಗುಣವಾಗಿ. ಕಾಂಡ್ಲಾ ಬಗ್ಗೆ ಏನೂ ಇಲ್ಲ. ಜಾನಕಿ ಮೇಡಂ ತಮ್ಮ ಭಿನ್ನಾಭಿಪ್ರಾಯವನ್ನು ಕೆಳಗೆ ಕೈಯಲ್ಲೇ ಬರೆದಿದ್ದಾರೆ: ಐದು.

ಪಕ್ಕದ ಹಾಳೆ: ನಕಲಿ ನೋಟೀಸಿಗಾಗಿ ರೂಪೇಶ ರಾಮನಾಥ ಹರಿಕಂತ್ರ ಇವನಿಗೆ ಎಚ್ಚರಿಕೆ. ಹಾಜರಿಯ ಕೊರತೆಯಿಂದಾಗಿ ಪರೀಕ್ಷೆಗೆ ಅವಕಾಶವಿಲ್ಲ.

ಎರಡೂ ಹಾಳೆಯ ಶಿಕ್ಕೆ ಅಸಲಿ.

ಮಾರ್ಚ್ 19, ಸೋಮವಾರ. ಅಮಾವಾಸ್ಯೆ

ಜಾನಕಿ ಮೇಡಂ ಪುಸ್ತಕ ಮರಳಿಸಿದ್ದಾರೆ. ಮೂರನೆಯ ಪೈಪು ಶನಿವಾರ ಕೂತಿತು. ಇಂದು ಮೊದಲ ದೊಡ್ಡ ಭರ್ತಿ.

ಯಾರೂ ನೋಟೀಸು ಹಚ್ಚಿರಲಿಲ್ಲ. ಹೆಂಗಸರು ಕೆಸರಿನ ಸೀರೆಯಲ್ಲೇ ಇದ್ದರು. ಬೆಳಿಗ್ಗೆ ಎಂಟು ದಾಟುತ್ತಿದ್ದಂತೆ ಮೂರೂ ಬಾಯಿಂದ ನೀರು ಒಳಗೆ ನುಗ್ಗಿತು, ಮೊದಲು ಕಪ್ಪು, ಆಮೇಲೆ ಹಸಿರು. ಮಂಜಿ ಮೊಣಕಾಲು ಮುಳುಗುವವರೆಗೂ ಹಿಂದೆ ಸರಿಯಲಿಲ್ಲ. "ಬಂತೇ, ಬಂತೇ," ಎನ್ನುತ್ತಿದ್ದಳು, ದನ ಕರೆದ ಹಾಗೆ.

ಹೊನ್ನತ್ತೆ ಕಾಯಿ ತಂದಿದ್ದಳು. ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ನೀರು ಬತ್ತಿ ಕೊಬ್ಬರಿ ಕಟಕಟ ಎನ್ನುತ್ತಿತ್ತು.

"ನಡೀತದೆ," ಎಂದಳು. "ಅದೂ ತಡ ಮಾಡಿ ಬಂದದೆ, ನಾವೂ ತಡ ಮಾಡಿ ಕೊಟ್ರಾಯ್ತು."

ನನ್ನ ಕೈಗೆ ಕೊಟ್ಟಳು. ನಾನೇ ಬಿಡಬೇಕಂತೆ. ಬಿಟ್ಟೆ. ಅದು ಪೈಪಿನ ಬಾಯಲ್ಲಿ ಒಂದು ಸುತ್ತು ತಿರುಗಿ ಒಳಗೆ ತೇಲಿ ಹೋಯಿತು.

ಭರ್ತಿಗೆ ಹೊರಗೆ ಎಂಟು ಗೇಣು ಆರು ಬೆರಳು. ಒಳಗೆ ಆರು ಗೇಣು ಹನ್ನೊಂದು ಬೆರಳು.

ಏಪ್ರಿಲ್ 17, ಮಂಗಳವಾರ. ಅಮಾವಾಸ್ಯೆ

ಹತ್ತು ಗಂಟೆಗೆ ಪರೀಕ್ಷೆಯ ಗಂಟೆ ರಸ್ತೆಯವರೆಗೂ ಕೇಳಿಸಿತು. ತೆರಿಗೆ ಪತ್ರಿಕೆ. ಕಿಶನ ಬೈಕು ನಿಲ್ಲಿಸಿ ನನ್ನ ಕಡೆ ಕೈ ಎತ್ತಿದ, ಆಮೇಲೆ ಒಳಗೆ ಓಡಿದ.

"ನಿಂದೂ ಪರೀಕ್ಷೆ ಅಲ್ಲವೇನೋ ಇವತ್ತು?" ಹೊನ್ನತ್ತೆ.

"ಮುಂದಿನ ವರ್ಷ ಅತ್ತೆ."

"ಎಂತಕೆ?"

"ಹಾಜರಿ ಕಡಿಮೆ ಬಿತ್ತು."

ದಂಡೆಯಲ್ಲಿ ಬೆಳಗಿನ ಬಳಚು ಆರಿಸುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನು ನೋಡಿದಳು, ಆಮೇಲೆ ಒಳಗಿನ ಕಂಬವನ್ನು ನೋಡಿದಳು. ಅವಳು ಎಲ್ಲವನ್ನೂ ನಿಧಾನವಾಗಿ ಎಣಿಸುತ್ತಾಳೆ. ಎಣಿಸಿ ಮುಗಿದ ಮೇಲೆ ಬುಟ್ಟಿಯಿಂದ ಒಂದು ಹಿಡಿ ಬಳಚು ತೆಗೆದು ದಂಡೆಯ ಕೆಸರಿನ ಮೇಲೆ ಹರಡಿದಳು. ಉಗುರಿನಷ್ಟೇ ಇದ್ದವು, ಎಳೆಯವು, ಬಾಯಿ ಬಿಗಿಯಾಗಿ ಮುಚ್ಚಿದ್ದವು. ತೋರಿಸಲು ತೆಗೆದದ್ದು. ಮತ್ತೆ ಒಂದೊಂದನ್ನೇ ಕೆಸರಿಗೆ ಒತ್ತಿದಳು.

"ಬರಕೋ," ಎಂದಳು.

ಭರ್ತಿ ಹನ್ನೊಂದೂಕಾಲು. ಹೊರಗೆ ಎಂಟು ಗೇಣು ಏಳು ಬೆರಳು. ಒಳಗೆ ಏಳು ಗೇಣು. ಸಮುದ್ರ: ಹಾಜರು.

ಪೈಪು, ಮುಚ್ಚಳಿಕೆಯ ಪ್ರಕಾರ: ಐದು. ಕೆಸರಿನ ಮಟ್ಟಕ್ಕೆ ಹಾಜರು: ಮೂರು. ಗೈರು: ಎರಡು.

ಆ ಎರಡರ ಹೆಸರಿಗೂ ಹೊಸ ಪುಟಕ್ಕೆ ಗೀಟು ಹಾಕಿದೆ.